ಕಥೆ ಚೆನ್ನಾಗಿತ್ತಕ್ಕಾ, ಆದ್ರೆ ನಾವ್ಯಾಕೆ ಬೇಕಿತ್ತು?

ಕೊಡಗಿನ ಮಳೆಗಾಲದಲ್ಲಿ ಮೊದಲು ಕರೆಂಟ್ ಹೋಗುತ್ತೆ, ಆಮೇಲೆ ನೆಟ್‌ವರ್ಕ್ ಹೋಗುತ್ತೆ, ಕೊನೆಗೆ ನಮ್ಮ ತಾಳ್ಮೆಯೂ ಹೋಗುತ್ತೆ. ಅಂಥದೊಂದು ಜುಲೈ ಭಾನುವಾರ, ವಿರಾಜಪೇಟೆ ಹತ್ತಿರದ ಗೆಳೆಯನೊಬ್ಬನ ಮನೆ ಜಗಲಿಯಲ್ಲಿ ಐದು ಜನರನ್ನು ಕೂರಿಸಿಕೊಂಡು ನಾನು ಒಂದು ಆಟ ಶುರು ಮಾಡಿದೆ. ಎರಡೇ ವಾರದಲ್ಲಿ ಅದು ನಿಂತುಹೋಯಿತು. ಯಾಕೆ ನಿಂತಿತು, ಎರಡನೇ ಸಲ ಅದೇ ಐದು ಜನರ ಜೊತೆ ಹೇಗೆ ನಡೆಯಿತು ಅನ್ನೋದನ್ನು ಇಲ್ಲಿ ಹೇಳುತ್ತೇನೆ. ವಿಷಯ ಆಟದ್ದೇ. ಆದರೆ ಸಭೆ, ಸಂಘಟನೆ, ಗ್ರಾಮಸಭೆ ಅಂತ ಓಡಾಡುವವರಿಗೆ ಇದರಲ್ಲಿ ಪರಿಚಿತ ಮುಖಗಳು ಸಿಗಬಹುದು.

ಆಟದ ಹೆಸರು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್. ಬೋರ್ಡ್ ಬೇಕಿಲ್ಲ, ಸ್ಕ್ರೀನ್ ಬೇಕಿಲ್ಲ. ನಾಲ್ಕೈದು ಜನ ಒಬ್ಬೊಬ್ಬರು ಒಂದೊಂದು ಪಾತ್ರ ಆಗ್ತಾರೆ. ಒಬ್ಬರು ಗೇಮ್ ಮಾಸ್ಟರ್. ಊರು, ಕಾಡು, ಪೊಲೀಸು, ಮಳೆ, ಉಳಿದ ಜನ ಎಲ್ಲವೂ ಅವರ ಬಾಯಿಂದ ಬರಬೇಕು. 'ನಿಮ್ಮ ಎದುರು ಹೀಗಾಗಿದೆ, ಏನು ಮಾಡ್ತೀರಿ?' ಅಂತ ಅವರು ಕೇಳ್ತಾರೆ. ಪಾತ್ರಧಾರಿ ಹೇಳ್ತಾರೆ. ಆಗುತ್ತೋ ಇಲ್ಲವೋ ಅಂತ ಅನುಮಾನ ಇದ್ದಾಗ ದಾಳ ಹಾಕ್ತಾರೆ. ವಾರದಿಂದ ವಾರಕ್ಕೆ ಕಥೆ ಮುಂದುವರಿದರೆ ಅದಕ್ಕೆ ಕ್ಯಾಂಪೇನ್ ಅಂತ ಹೆಸರು.

ನನ್ನ ಐದು ಜನ ಯಾರು ಅಂತ ಹೇಳಿಬಿಡ್ತೀನಿ. (ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.) ಮನೆಯೊಡೆಯ ಗೆಳೆಯ, ಕಾಫಿ ತೋಟದವರ ಮಗ. ಭಾಗಮಂಡಲ ಕಡೆಯ ಅರೆಭಾಷೆಯ ಹುಡುಗ, ಬಿ.ಎಡ್. ಓದುತ್ತಿದ್ದವನು. ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಮನೆಮಾತು ಮಲಯಾಳಂ. ಮಕ್ಕಂದೂರು ಕಡೆಯ ನರ್ಸಿಂಗ್ ವಿದ್ಯಾರ್ಥಿನಿ. ಮತ್ತೆ ತೋಟದ ಲೈನ್‌ಮನೆಯಲ್ಲಿ ಬೆಳೆದು ಡಿಗ್ರಿ ಕಾಲೇಜಿಗೆ ಬಂದ ಎರವ ಸಮುದಾಯದ ಹುಡುಗಿ. ಒಂದೇ ತಾಲೂಕಿನಲ್ಲಿ ಓಡಾಡುವ ಇವರೆಲ್ಲ ಒಂದೇ ಜಗಲಿಯಲ್ಲಿ ಕೂತದ್ದು ಅವತ್ತೇ ಮೊದಲು.

ನಲವತ್ತು ಪುಟದ ತಪ್ಪು

ನಾನು ಈ ಆಟ ಕಲಿತದ್ದು ಬೆಂಗಳೂರಲ್ಲಿ, ಕೆಲಸಕ್ಕಿದ್ದಾಗ. ಊರಿಗೆ ಬಂದ ಮೇಲೆ ನನ್ನದೇ ಕಥೆ ಮಾಡಬೇಕು ಅಂತ ಹಠ ಹಿಡಿದು ನಲವತ್ತು ಪುಟ ಬರೆದೆ. ಕಾಲ 1834. ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತಮ್ಮದಾಗಿಸಿಕೊಂಡ ವರ್ಷ. ನಾಲ್ಕುನಾಡು ಅರಮನೆಯಿಂದ ಒಂದು ಓಲೆ ಹೊರಡುತ್ತೆ, ಅದು ಮಡಿಕೇರಿ ಕೋಟೆಗೆ ತಲುಪಬೇಕು, ದಾರಿಯಲ್ಲಿ ಒಬ್ಬ ದ್ರೋಹಿ ಇದ್ದಾನೆ. ಅವನು ಎಲ್ಲಿ ಸಿಗ್ತಾನೆ, ಏನು ಹೇಳ್ತಾನೆ, ಯಾವಾಗ ಸಾಯ್ತಾನೆ ಎಲ್ಲ ಬರೆದಿಟ್ಟಿದ್ದೆ.

ಮೊದಲ ಭಾನುವಾರ ಎಲ್ಲರೂ ತಲೆ ಆಡಿಸಿದರು. ಅಂಗಡಿಯ ಹುಡುಗ, 'ಅಕ್ಕಾ, ನಾನು ಓಲೆ ಒಡೆದು ಓದ್ತೀನಿ' ಅಂದ. ಓದಿದರೆ ನನ್ನ ಕಥೆ ಹಾಳು. 'ಮುದ್ರೆ ಒಡೆಯೋಕಾಗಲ್ಲ' ಅಂದೆ. 'ಹಾಗಾದ್ರೆ ದ್ರೋಹಿ ಜೊತೆ ಮಾತಾಡ್ತೀನಿ' ಅಂದ. 'ಅವನು ಇನ್ನೂ ಬಂದಿಲ್ಲ' ಅಂದೆ. ಆಮೇಲೆ ಅವನು ಏನೂ ಕೇಳಲಿಲ್ಲ.

ಎರಡನೇ ಭಾನುವಾರ ಕಥೆಗೆ ಬಿಸಿ ಏರಿಸಬೇಕು ಅನ್ನಿಸಿ ಒಂದು ಬೆಟ್ಟ ಕುಸಿಯುವ ದೃಶ್ಯ ತಂದೆ. ಮಣ್ಣಿನ ಸದ್ದು, ಕೊಚ್ಚಿಹೋಗುವ ಮನೆ, ಕೂಗು. ಚೆನ್ನಾಗಿಯೇ ಹೇಳಿದೆ ಅನಿಸುತ್ತೆ. ನರ್ಸಿಂಗ್ ಹುಡುಗಿ ಎದ್ದು ಒಳಗೆ ಹೋದಳು, ಮತ್ತೆ ಬರಲಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಬೆಟ್ಟ ಇಳಿದದ್ದು ನನಗೆ ಸುದ್ದಿ. ಅವಳಿಗೆ ಅದು ಮನೆ. ಅವಳ ಊರು ಯಾವುದು ಅಂತ ನನಗೆ ಗೊತ್ತಿತ್ತು. ಕೇಳಬೇಕು ಅಂತ ಮಾತ್ರ ಹೊಳೆದಿರಲಿಲ್ಲ.

ಮೂರನೇ ವಾರ ಯಾರೂ ಬರಲಿಲ್ಲ. ಕಾರಣ ಹೇಳಿದ್ದು ಬಿ.ಎಡ್. ಹುಡುಗ ಒಬ್ಬನೇ. 'ಕಥೆ ಚೆನ್ನಾಗಿತ್ತಕ್ಕಾ. ಆದ್ರೆ ನಾವ್ಯಾಕೆ ಬೇಕಿತ್ತು?'

ಉತ್ತರ ನನ್ನಲ್ಲಿರಲಿಲ್ಲ. ನಡಾವಳಿ ಪುಸ್ತಕದಲ್ಲಿ ನಿರ್ಣಯ ಮೊದಲೇ ಬರೆದಿಟ್ಟು, ಆಮೇಲೆ ಗ್ರಾಮಸಭೆ ಕರೆದು, ಸಹಿ ಮಾಡಿ ಹೋಗಿ ಅನ್ನೋದನ್ನು ನೋಡಿ ಬೈದವಳು ನಾನೇ. ನನ್ನ ಜಗಲಿಯಲ್ಲಿ ಅದನ್ನೇ ಮಾಡಿದ್ದೆ.

ಈ ಆಟ ಹುಟ್ಟಿದ್ದೇ ಮಾತು ಕೇಳದವರಿಂದ

ಹಳೆಯ ಕಥೆಯೊಂದು ಆಮೇಲೆ ನೆನಪಾಯಿತು. 1969ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡೇವಿಡ್ ವೆಸ್ಲಿ ಅನ್ನುವವರು ಗೆಳೆಯರಿಗೆ ಒಂದು ಯುದ್ಧದ ಆಟ ಸಿದ್ಧಮಾಡಿದರು. ನೆಪೋಲಿಯನ್ ಕಾಲದ ಬ್ರೌನ್‌ಸ್ಟೈನ್ ಅನ್ನುವ ಕಲ್ಪನೆಯ ಜರ್ಮನ್ ಊರು. ಎರಡು ಸೈನ್ಯ ಎದುರುಬದುರಾಗಬೇಕು. ಆಡಲು ಬಂದವರು ಹೆಚ್ಚಾಗಿದ್ದರಿಂದ ಉಳಿದವರಿಗೆ ಮೇಯರ್‌ನಂಥ ಊರಿನ ಪಾತ್ರಗಳನ್ನು ಕೊಟ್ಟು, ಒಬ್ಬೊಬ್ಬರಿಗೆ ಒಂದೊಂದು ಗುರಿ ಕೊಟ್ಟರು. ಸೈನ್ಯ ಬರುವ ತನಕ ಇವರು ಕಾಯಲಿಲ್ಲ. ತಮ್ಮತಮ್ಮಲ್ಲೇ ಗುಟ್ಟಾಗಿ ಮಾತಾಡಿದರು, ಒಪ್ಪಂದ ಮಾಡಿಕೊಂಡರು, ಮೋಸ ಮಾಡಿದರು. ಆಟ ಕೆಟ್ಟಿತು ಅಂತ ವೆಸ್ಲಿ ತಲೆ ಮೇಲೆ ಕೈ ಹೊತ್ತರೆ, ಆಡಿದವರು 'ಇನ್ನೊಂದು ಸಲ ಯಾವಾಗ?' ಅಂತ ಬೆನ್ನು ಬಿದ್ದರು.

ಆ ಗುಂಪಿನಲ್ಲಿದ್ದ ಡೇವ್ ಆರ್ನೆಸನ್ ಅದೇ ದಾರಿಯಲ್ಲಿ ತನ್ನ ಬ್ಲ್ಯಾಕ್‌ಮೂರ್ ಕಟ್ಟಿದ. ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದ. ಈಗ ಇಂಥ ಆಟಗಳು ಲೆಕ್ಕವಿಲ್ಲದಷ್ಟು ಇವೆ. ಎಲ್ಲದರ ಬೇರಿನಲ್ಲಿ ಇರುವುದು, ಕಾಯಿ ಆಗಲು ಒಪ್ಪದ ಆ ಊರಿನವರು.

ನಮಗೂ ಇದು ತೀರ ಹೊಸದಲ್ಲ. ಘಟ್ಟ ಇಳಿದರೆ ಸುಳ್ಯ, ಅಲ್ಲಿಂದಾಚೆ ಕಾಸರಗೋಡು. ಅಲ್ಲೆಲ್ಲ ತಾಳಮದ್ದಳೆ ಇದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಪಾತ್ರವಾಗಿ ವಾದ ಮಾಡುತ್ತಾರೆ. ಮಾತಿಗೆ ಬರೆದಿಟ್ಟ ಸ್ಕ್ರಿಪ್ಟ್ ಇರುವುದಿಲ್ಲ. ವಾಲಿ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು, ಆದರೆ ಸಾಯುವ ಮುಂಚೆ ರಾಮನಿಗೆ ಇವತ್ತು ಏನು ಕೇಳುತ್ತಾನೆ ಅಂತ ರಾಮನ ಅರ್ಥ ಹೇಳುವವರಿಗೂ ಗೊತ್ತಿರಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರನ್ನು ಜನ ನೆನೆಯುವುದು ಈ ಕಾರಣಕ್ಕೆ. ಗೇಮ್ ಮಾಸ್ಟರ್ ಅಂದರೆ ಒಂಥರಾ ಭಾಗವತರು. ಒಂದೇ ವ್ಯತ್ಯಾಸ: ನಮ್ಮ ಆಟದಲ್ಲಿ ವಾಲಿ ಉಳಿಯಲೂಬಹುದು.

ಎರಡನೇ ಸಲ: ಮೊದಲ ದಿನ ಆಟವೇ ಇಲ್ಲ

ನಾನು ಐವರಿಗೂ ಪ್ರತ್ಯೇಕವಾಗಿ ಫೋನ್ ಮಾಡಿದೆ. ನರ್ಸಿಂಗ್ ಹುಡುಗಿಯ ಮನೆಗೇ ಹೋಗಿ ಕ್ಷಮೆ ಕೇಳಿದೆ. 'ಇನ್ನೊಂದು ಸಲ ಕೂರೋಣ, ಕಥೆ ನಾನು ತರಲ್ಲ' ಅಂದೆ.

ಹೊಸ ಗುಂಪು ಕಟ್ಟುವವರು ಮೊದಲ ಭೇಟಿಯನ್ನು ಬರೀ ಮಾತಿಗೆ ಇಡಬೇಕು. ಇದನ್ನು ಸೆಷನ್ ಜೀರೊ ಅಂತಾರೆ. ನಾವು ಮಾತಾಡಿದ್ದು ಮೂರು ವಿಷಯ.

ಒಂದು, ಭಾಷೆ. ಆಟ ಕನ್ನಡದಲ್ಲಿ. ಆದರೆ ಸಿಟ್ಟು, ಪ್ರೀತಿ, ಬೈಗುಳ ಯಾವ ಭಾಷೆಯಲ್ಲಿ ಬರುತ್ತೋ ಅದರಲ್ಲೇ ಬರಲಿ. ಕೊಡವತಕ್ಕ್, ಅರೆಭಾಷೆ, ಮಲಯಾಳಂ, ಎರವ, ಯಾವುದೂ ನಡೆಯುತ್ತೆ. ಇನ್ನೊಬ್ಬರ ಭಾಷೆಯನ್ನು ಅಣಕಿಸಿ ನಗಿಸುವುದು ಮಾತ್ರ ಇಲ್ಲ. ಇದನ್ನು ಮೊದಲು ಹೇಳಿದ್ದು ಅಂಗಡಿಯ ಹುಡುಗ. ಅವನು ಹೇಳಿದ ಮೇಲೆ ಉಳಿದವರು ಯಾಕೆ ಅಷ್ಟು ಬೇಗ ಒಪ್ಪಿದರು ಅಂತ ನಾನು ಕೇಳಲಿಲ್ಲ.

ಎರಡು, ಏನು ಬೇಡ. ಬಿಳಿ ಹಾಳೆಯಲ್ಲಿ ಗೆರೆ ಎಳೆದು, ಆಟದಲ್ಲಿ ಬರಲೇಬಾರದ್ದನ್ನು ಒಂದು ಬದಿ ಬರೆದೆವು. ಬರಬಹುದು, ಆದರೆ ವಿವರಿಸಬಾರದು ಅನ್ನೋದನ್ನು ಇನ್ನೊಂದು ಬದಿ. ಭೂಕುಸಿತ ಮೊದಲ ಬದಿಗೆ ಹೋಯಿತು. ಯಾರು ಬರೆದರು, ಯಾಕೆ ಬರೆದರು ಅಂತ ಕೇಳುವ ಹಾಗಿಲ್ಲ. ಜೊತೆಗೆ ಜಾನ್ ಸ್ಟಾವ್ರೊಪೌಲೋಸ್ ಅನ್ನುವ ಗೇಮ್ ಡಿಸೈನರ್ ರೂಪಿಸಿದ ಎಕ್ಸ್ ಕಾರ್ಡ್ ಇಟ್ಟೆವು. ಒಂದು ಚೀಟಿಯಲ್ಲಿ ಎಕ್ಸ್ ಗುರುತು, ಮೇಜಿನ ನಡುವೆ. ಯಾರಾದರೂ ಮುಟ್ಟಿದರೆ ಆ ದೃಶ್ಯ ಅಲ್ಲಿಗೇ ಬಿಡಬೇಕು, ವಿವರಣೆ ಕೇಳಬಾರದು.

ಮೂರು, ಕೊನೆಯ ಬಸ್ಸು. ನಗಬೇಡಿ. ಎಷ್ಟೋ ಸಂಘಟನೆಗಳಲ್ಲಿ ಹೆಣ್ಣುಮಕ್ಕಳು ಕಡಿಮೆ ಯಾಕೆ ಅಂದರೆ ಸಭೆ ಮುಗಿಯುವಾಗ ಬಸ್ಸು ಇರುವುದಿಲ್ಲ. ಲೈನ್‌ಮನೆಗೆ ಹೋಗುವ ದಾರಿಯಲ್ಲಿ ಸಂಜೆ ಆದ ಮೇಲೆ ಆನೆ ಬರುತ್ತೆ. ಹಾಗಾಗಿ ಆಟ ಬೆಳಿಗ್ಗೆ ಹತ್ತಕ್ಕೆ ಶುರು, ಊಟ ಆದ ಮೇಲೆ ಮುಗಿಯುತ್ತೆ.

ಊರು ಕಟ್ಟಿದ್ದು ಎಲ್ಲರೂ ಸೇರಿ

ಮತ್ತೆ ಒಂದು ದೊಡ್ಡ ಹಾಳೆ. ಪ್ರತಿಯೊಬ್ಬರೂ ಒಂದು ಜಾಗ ಬರೆಯಬೇಕು, ಆ ಜಾಗಕ್ಕೆ ಒಂದು ತೊಂದರೆ ಸೇರಿಸಬೇಕು. ಹಾಗೆ ಹುಟ್ಟಿದ್ದು ನಮ್ಮ ಮಂಜುಕೊಲ್ಲಿ ಅನ್ನುವ ಕಲ್ಪನೆಯ ಊರು. ತೋಟದ ಹುಡುಗ ಕಾಫಿ ಕಣ ಬರೆದ: ಒಣಗಲು ಹಾಕಿದ ಕಾಫಿ ರಾತ್ರಿ ಮಾಯ. ಬಿ.ಎಡ್. ಹುಡುಗ ದೇವರಕಾಡು ಬರೆದ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಇವನದರ ಅಂಚಿನಲ್ಲಿ ಯಾರೋ ಬೇಲಿ ಹಾಕುತ್ತಿದ್ದಾರೆ. ಅಂಗಡಿಯವನು ಬಸ್‌ಸ್ಟ್ಯಾಂಡ್ ಬರೆದ, ನರ್ಸಿಂಗ್ ಹುಡುಗಿ ಡಾಕ್ಟರ್ ಇಲ್ಲದ ಆಸ್ಪತ್ರೆ ಬರೆದಳು. ಐದನೆಯವಳು ತುಂಬ ಹೊತ್ತು ಪೆನ್ನು ಹಿಡಿದು ಕೂತು ಲೈನ್‌ಮನೆ ಅಂತ ಬರೆದಳು. ತೊಂದರೆಯ ಜಾಗ ಖಾಲಿ ಬಿಟ್ಟಳು. 'ಆಮೇಲೆ ಹೇಳ್ತೀನಿ' ಅಂದಳು. ಖಾಲಿಯಾಗಿಯೇ ಬಿಟ್ಟೆವು.

ಪಾತ್ರ ಮಾಡುವಾಗ 'ನೀನು ಯಾರು?' ಅಂತ ಕೇಳಿದರೆ ಹೊಸಬರು ಒದ್ದಾಡುತ್ತಾರೆ. ನಾನು ಮೂರು ಪ್ರಶ್ನೆ ಕೇಳಿದೆ. ಈ ವಾರ ನಿನಗೆ ಏನು ಬೇಕು? ಅದು ಸಿಗದ ಹಾಗೆ ತಡೆಯೋರು ಯಾರು? ಇಲ್ಲಿ ಕೂತವರಲ್ಲಿ ನಿನಗೆ ಯಾರ ಸಹಾಯ ಬೇಕು? ಮೂರನೇ ಪ್ರಶ್ನೆ ಮುಖ್ಯ. ಅದಿಲ್ಲದಿದ್ದರೆ ಐದು ಜನ ಐದು ದಿಕ್ಕಿಗೆ ಹೋಗ್ತಾರೆ.

ಗೇಮ್ ಮಾಸ್ಟರ್ ಏನು ಬರೆಯಬೇಕು?

ಕಥೆ ಬರೆಯಬಾರದು ಅಂದರೆ ಬರಿಗೈಲಿ ಬರಬೇಕು ಅಂತಲ್ಲ. ನಾನು ಈಗ ಬರೆಯುವುದು ಒಂದೇ ಪುಟ. ಅದರಲ್ಲಿ ಊರಿನ ಮೂರ್ನಾಲ್ಕು ಜನ, ಅವರಿಗೆ ಏನು ಬೇಕು, ಯಾರೂ ತಡೆಯದಿದ್ದರೆ ಏನಾಗುತ್ತೆ. ಅಷ್ಟೇ. ಬೇಲಿ ಹಾಕುತ್ತಿರುವವನಿಗೆ ರೆಸಾರ್ಟ್ ಬೇಕು. ಪಂಚಾಯಿತಿ ಸದಸ್ಯನಿಗೆ ಮುಂದಿನ ಚುನಾವಣೆ ಬೇಕು. ಆನೆ ಹಿಂಡಿಗೆ ಹಲಸು ಬೇಕು.

ಇದರ ಪಕ್ಕ ಒಂದು ವೃತ್ತ ಬರೆದು ನಾಲ್ಕು ಭಾಗ ಮಾಡುತ್ತೇನೆ. ಆಟಗಾರರು ಬೇರೆ ಕಡೆ ಹೋದಾಗಲೆಲ್ಲ ಒಂದು ಭಾಗ ತುಂಬುತ್ತೆ. ನಾಲ್ಕೂ ತುಂಬಿದರೆ ಬೇಲಿ ಪೂರ್ತಿಯಾಗುತ್ತೆ, ಯಾರು ಏನೇ ಅಂದರೂ. ಈ ವೃತ್ತವನ್ನು ಎಲ್ಲರಿಗೂ ಕಾಣುವ ಹಾಗೆ ಇಡ್ತೀನಿ. 'ನೀವು ಎಲ್ಲಿಗೆ ಬೇಕಾದರೂ ಹೋಗಿ, ಆದ್ರೆ ಊರು ನಿಮಗೋಸ್ಕರ ಕಾಯಲ್ಲ' ಅಂತ ಬಾಯಲ್ಲಿ ಹೇಳುವುದಕ್ಕಿಂತ ಇದು ಚೆನ್ನಾಗಿ ಹೇಳುತ್ತೆ.

ದಾಳಕ್ಕೆ ಲೂಡೋ ಪೆಟ್ಟಿಗೆ ಸಾಕು. ಎರಡು ದಾಳ ಹಾಕಿ ಕೂಡಿಸಿ. 10 ಅಥವಾ ಮೇಲೆ ಬಂದರೆ ಅಂದುಕೊಂಡದ್ದು ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನೋ ಒಂದು ಕಳೆದುಕೊಳ್ತೀರಿ. 6 ಅಥವಾ ಕೆಳಗೆ ಬಂದರೆ ಗೇಮ್ ಮಾಸ್ಟರ್ ಸರದಿ. ವಿನ್ಸೆಂಟ್ ಬೇಕರ್ ಮತ್ತು ಮೆಗುವೆ ಬೇಕರ್ ಅವರ 2010ರ ಅಪೋಕಲಿಪ್ಸ್ ವರ್ಲ್ಡ್ ಆಟದಿಂದ ಬಂದ ಪದ್ಧತಿ ಇದು. ಲೆಕ್ಕ ನೋಡಿ: ಎರಡು ದಾಳಕ್ಕೆ 36 ಸಾಧ್ಯತೆ. ಪೂರ್ತಿ ಗೆಲುವು 6 ಸಲ, ಗೆದ್ದೂ ಕಳೆದುಕೊಳ್ಳುವುದು 15 ಸಲ, ಸೋಲು 15 ಸಲ. ನಿಮಗೆ ಚೆನ್ನಾಗಿ ಬರುವ ಕೆಲಸಕ್ಕೆ 2 ಅಂಕ ಸೇರಿಸಿದರೆ ಗೆಲುವು 15ಕ್ಕೆ ಏರಿ ಸೋಲು 6ಕ್ಕೆ ಇಳಿಯುತ್ತೆ, ನಡುವಿನದು 15ರಲ್ಲೇ ಇರುತ್ತೆ. ಅಂದರೆ ಎಷ್ಟೇ ನಿಪುಣರಾದರೂ 'ಆಯ್ತು, ಆದ್ರೆ...' ಅನ್ನೋದು ಬಿಡುವುದಿಲ್ಲ. ಹೋರಾಟಗಳಲ್ಲಿ ಓಡಾಡಿದವರಿಗೆ ಈ 'ಆದ್ರೆ' ಪರಿಚಯ ಮಾಡಿಕೊಡಬೇಕಿಲ್ಲ.

ಪೂರ್ತಿ ಸ್ವಾತಂತ್ರ್ಯ ಕೊಟ್ಟರೆ ಜನ ಸುಮ್ಮನಾಗ್ತಾರೆ

ಆಟಗಾರರೇ ನಡೆಸುವ ಆಟ ಅಂದ ತಕ್ಷಣ 'ಏನು ಬೇಕಾದ್ರೂ ಮಾಡಿ' ಅಂತ ಕೈಬಿಡುವುದು ಇನ್ನೊಂದು ತಪ್ಪು. ಹೊಸಬರಿಗೆ ಖಾಲಿ ಮೈದಾನ ಅಂದರೆ ಭಯ. 'ಏನು ಮಾಡ್ತೀರಿ?' ಅಂದರೆ ಮುಖ ಮುಖ ನೋಡ್ತಾರೆ. ಆ ಮೌನವನ್ನು ಯಾರು ತುಂಬುತ್ತಾರೆ? ಮೊದಲಿಂದಲೂ ಮಾತಾಡಿ ರೂಢಿ ಇರುವವರು. ಬಾಗಿಲು ಎಲ್ಲರಿಗೂ ತೆರೆದಿದೆ ಅಂದರೂ ಒಳಗೆ ಬರುವವರು ಅವರೇ.

ಹಾಗಾಗಿ ಮೊದಲ ಆಟವನ್ನು ಇಕ್ಕಟ್ಟಾದ ಜಾಗದಲ್ಲಿ ಶುರು ಮಾಡಿದೆ. ರಾತ್ರಿ, ಮಳೆ, ಐವರೂ ಕಾಫಿ ಕಣದಲ್ಲಿ, ಗೇಟಿನ ಹೊರಗೆ ಒಂಟಿ ಸಲಗ. ಮೂರು ದಾರಿ ನಾನೇ ಹೇಳಿದೆ: ಒಳಗೆ ಅಡಗಿಕೊಳ್ಳಬಹುದು, ಪಟಾಕಿ ಹೊಡೆಯಬಹುದು, ಹಿಂದಿನ ದಾರಿಯಲ್ಲಿ ಓಡಬಹುದು. ನಾಲ್ಕನೆಯದು ನಿಮ್ಮದು. ಎರಡನೇ ಆಟಕ್ಕೆ ಎರಡು ದಾರಿ ಹೇಳಿದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನಾನು ಬಾಯಿ ತೆರೆಯುವ ಮುಂಚೆ ಅವರೇ ಜಗಳ ಶುರು ಮಾಡಿದ್ದರು.

ಪ್ರತಿ ಆಟದ ಕೊನೆಗೆ ಒಂದು ಪ್ರಶ್ನೆ: 'ಮುಂದಿನ ವಾರ ಎಲ್ಲಿಗೆ ಹೋಗ್ತೀರಿ?' ಅವರು ಹೇಳಿದ್ದಕ್ಕಷ್ಟೇ ನಾನು ತಯಾರಾಗ್ತೀನಿ. ಇನ್ನೊಂದು ನಿಯಮ, ಒಂದು ಸುತ್ತಿನಲ್ಲಿ ಯಾರು ಕೊನೆಯಲ್ಲಿ ಮಾತಾಡಿದರೋ ಮುಂದಿನ ಸುತ್ತು ಅವರಿಂದ ಶುರು.

ಖಾಲಿ ಬಿಟ್ಟ ಜಾಗ

ಈ ನಿಯಮದಿಂದಲೇ ಮೂರನೇ ಭಾನುವಾರ ಲೈನ್‌ಮನೆಯ ಹುಡುಗಿಯ ಸರದಿ ಮೊದಲು ಬಂತು. ಸಲಗ ಲೈನ್‌ಮನೆ ಕಡೆ ತಿರುಗಿದೆ. ತೋಟದ ಹುಡುಗನ ಪಾತ್ರ ಅರಣ್ಯ ಇಲಾಖೆಗೆ ಫೋನ್ ಮಾಡಿ ಆಗಿದೆ. ಅವಳು ದಾಳ ಮುಟ್ಟಲಿಲ್ಲ.

'ಆನೆ ಓಡಿಸೋದು ಆಮೇಲೆ. ಈ ಮನೆಗೆ ನಂಬರ್ ಇಲ್ಲ. ಯಾರಾದ್ರೂ ಸತ್ರೆ ಯಾವ ವಿಳಾಸ ಅಂತ ಬರೀತೀರಿ?'

ಅವಳು ಹಾಳೆ ಎಳೆದುಕೊಂಡು ಖಾಲಿ ಜಾಗ ತುಂಬಿದಳು: ಮನೆ ನಂಬರ್ ಇಲ್ಲ.

ತೋಟದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತನ್ನ ಪಾತ್ರದಲ್ಲೇ, 'ಜಾಗ ನಮ್ಮ ಅಪ್ಪಂದು. ನಂಬರ್ ಕೊಟ್ರೆ ನಾಳೆ ಮನೆ ನಮ್ದು ಅಂತೀರಿ' ಅಂದ. ಅದು ಪಾತ್ರದ ಮಾತೋ ಅವನ ಮನೆಯ ಮಾತೋ ನನಗೆ ಗೊತ್ತಿಲ್ಲ. ಅವಳು ಎದುರು ಮಾತಾಡಿದಳು. ಅರ್ಧ ಗಂಟೆ ವಾದ ನಡೆಯಿತು. ಯಾರೂ ಎಕ್ಸ್ ಕಾರ್ಡ್ ಮುಟ್ಟಲಿಲ್ಲ; ನಾನು ಎರಡು ಸಲ ಅದರ ಕಡೆ ನೋಡಿದೆ. ಕೊನೆಗೆ ದಾಳ ಹಾಕಿದರು, 8 ಬಂತು. ಆಯಿತು, ಆದರೆ. ನಂಬರ್‌ಗೆ ಅರ್ಜಿ ಹೋಗುತ್ತೆ. ತೋಟದ ಹುಡುಗನ ಪಾತ್ರ ಸಹಿ ಹಾಕುತ್ತೆ. ಅವನ ಅಪ್ಪ ಅವನನ್ನು ಮನೆಯಿಂದ ಹೊರಗೆ ಹಾಕ್ತಾರೆ.

ಈ ಜಿಲ್ಲೆಯಲ್ಲಿ 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯ ಆದಿವಾಸಿ ಗುಡಿಸಲುಗಳನ್ನು ಕಿತ್ತುಹಾಕಿದ್ದು, ಅದರ ವಿರುದ್ಧ ನಡೆದ ಹೋರಾಟ ನಮ್ಮಲ್ಲಿ ಅನೇಕರಿಗೆ ನೆನಪಿದೆ. ನಾವು ಅದರ ಬಗ್ಗೆ ಬರೆದಿದ್ದೇವೆ, ಶೇರ್ ಮಾಡಿದ್ದೇವೆ. ಆದರೆ ಒಂದೇ ಮೇಜಿನಲ್ಲಿ ಕೂತು ತೋಟದ ಮಗನೂ ಲೈನ್‌ಮನೆ ಮಗಳೂ ಮನೆ ನಂಬರಿನ ಬಗ್ಗೆ ನೇರ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನನ್ನ ನಲವತ್ತು ಪುಟದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಆಟ ಆಡಿದರೆ ಕ್ರಾಂತಿ ಆಗುತ್ತೆ ಅಂತ ನಾನು ಹೇಳುತ್ತಿಲ್ಲ. ಆಟದ ಹೊರಗೆ ಅವಳ ಮನೆಗೆ ಇವತ್ತಿಗೂ ನಂಬರ್ ಇಲ್ಲ. ತೋಟದ ಹುಡುಗ ಮನೆಯಲ್ಲಿ ಆ ಮಾತು ಎತ್ತಿದನೋ ಇಲ್ಲವೋ ನಾನು ವಿಚಾರಿಸಿಲ್ಲ.

ನೀವು ಶುರು ಮಾಡುವುದಾದರೆ

ದುಡ್ಡು ಬೇಕಿಲ್ಲ. ಪುಸ್ತಕ, ಬಣ್ಣದ ದಾಳ, ಗೊಂಬೆ ಎಲ್ಲ ಆಮೇಲೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ನಿಯಮಗಳೇ ಬೇಕು ಅನ್ನುವವರಿಗೆ ಒಂದು ಒಳ್ಳೆಯ ಸುದ್ದಿ ಇದೆ. 2023ರ ಜನವರಿಯಲ್ಲಿ ಅದರ ಕಂಪನಿ ವಿಝರ್ಡ್ಸ್ ಆಫ್ ದಿ ಕೋಸ್ಟ್, ಎರಡು ದಶಕಗಳಿಂದ ಇದ್ದ ಮುಕ್ತ ಪರವಾನಗಿಯನ್ನು ಬಿಗಿ ಮಾಡಲು ಹೊರಟಿತ್ತು. ಕರಡು ಸೋರಿಕೆಯಾಯಿತು. ಆಡುವವರು ಸಿಟ್ಟಾದರು, ಚಂದಾ ರದ್ದು ಮಾಡಿದರು. ಅದೇ ತಿಂಗಳು 27ರಂದು ಕಂಪನಿ ಹಿಂದೆ ಸರಿದು, ಮೂಲ ನಿಯಮಗಳ ಪಠ್ಯವನ್ನು ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಬಿಟ್ಟುಕೊಟ್ಟಿತು. ಮೂಲವನ್ನು ಹೆಸರಿಸಿದರೆ ಸಾಕು, ಅದನ್ನು ಕನ್ನಡಕ್ಕೆ ತರಬಹುದು, ಹಂಚಬಹುದು, ಮಾರಲೂಬಹುದು. ಯಾರ ಅನುಮತಿಯೂ ಬೇಕಿಲ್ಲ.

ನಾಲ್ಕೈದು ಜನ ಸಾಕು, ಆರು ದಾಟಿದರೆ ಕಾಯುವ ಹೊತ್ತೇ ಜಾಸ್ತಿ. ಎಲ್ಲರೂ ನಿಮ್ಮ ಹಾಗೆ ಯೋಚಿಸುವವರೇ ಆಗಿದ್ದರೆ ಒಬ್ಬರನ್ನಾದರೂ ಬದಲಿಸಿ ನೋಡಿ. ನಾಲ್ಕು ವಾರ ಅಂತ ಮೊದಲೇ ಹೇಳಿ. 'ಹೀಗೇ ನಡೀತಾ ಇರುತ್ತೆ' ಅಂದರೆ ಜನ ಹೆದರುತ್ತಾರೆ. ನಾಲ್ಕು ಮುಗಿದ ಮೇಲೆ ಬೇಕಾದವರು ಮುಂದುವರಿಯಲಿ, ಬೇಡದವರು ಬೇಜಾರಿಲ್ಲದೆ ಹೋಗಲಿ.

ನಮ್ಮವು ನಾಲ್ಕು ಮುಗಿದು ಈಗ ಒಂಬತ್ತಾಗಿದೆ. ಬೇಲಿಯ ವೃತ್ತದಲ್ಲಿ ಮೂರು ಭಾಗ ತುಂಬಿದೆ. ಹೋದ ವಾರ ಕೊನೆಯ ಪ್ರಶ್ನೆ ಕೇಳಿದಾಗ ನರ್ಸಿಂಗ್ ಹುಡುಗಿ ಗೆರೆ ಎಳೆದ ಬಿಳಿ ಹಾಳೆ ತೆಗೆದುಕೊಂಡಳು. ಮೊದಲ ಬದಿಯಲ್ಲಿದ್ದ ಭೂಕುಸಿತವನ್ನು ಹೊಡೆದು ಎರಡನೇ ಬದಿಗೆ ಬರೆದಳು. ಬರಬಹುದು, ವಿವರಿಸಬಾರದು. ಯಾರೂ ಏನೂ ಕೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಎಲ್ಲರೂ ಕೊಡೆ ಹುಡುಕತೊಡಗಿದರು.